ತಾತ್ಕಾಲಿಕ ಪೇಸಿಂಗ್: ಮಾನಿಟರ್ 70 ಅನ್ನುತ್ತೆ, ನಾಡಿ 38. ಎಲ್ಲಿಂದ ನೋಡ್ಕೊಂಡು ಬರಬೇಕು?

ರಾತ್ರಿಪಾಳಿ_ಸಿಸಿಯು:
ನಿಧಾನಗತಿಯ ಎಎಫ್ (ಏಟ್ರಿಯಲ್ ಫಿಬ್ರಿಲೇಶನ್, ಹೃದಯದ ಮೇಲಿನ ಕೋಣೆಗಳ ಅಡ್ಡಾದಿಡ್ಡಿ ಬಡಿತ) ಇರುವ ರೋಗಿ ಅಂತ ಇಟ್ಟುಕೊಳ್ಳಿ. ನಡುನಡುವೆ ನಾಲ್ಕೈದು ಸೆಕೆಂಡ್ ಬಡಿತವೇ ಇಲ್ಲ, ಬಿಪಿ ಬೀಳ್ತಿದೆ. ಎದೆಗೆ ಪ್ಯಾಡ್ ಅಂಟಿಸಿ ಹೊರಗಿಂದ ಪೇಸಿಂಗ್ (ಕರೆಂಟ್ ಕೊಟ್ಟು ಹೃದಯ ಬಡಿಸೋದು) ಶುರು ಮಾಡಿದ್ದಾರೆ. ಮಾನಿಟರಿನಲ್ಲಿ ಹಾರ್ಟ್ ರೇಟ್ 70, ಬೆರಳಿನ ಸ್ಯಾಚುರೇಶನ್ ಪ್ರೋಬಿನಲ್ಲಿ 38. ಯಾವುದನ್ನು ನಂಬಬೇಕು? ಎರಡನೇ ಪ್ರಶ್ನೆ: ಕುತ್ತಿಗೆಯ ಸಿರೆಯ ಮೂಲಕ ಹೃದಯದೊಳಗೆ ಲೀಡ್ (ಪೇಸಿಂಗ್ ತಂತಿ) ಹಾಕಿದ ಮೇಲೆ ಪ್ರತಿ ಪಾಳಿಯಲ್ಲೂ ಥ್ರೆಶೋಲ್ಡ್ (ಹೃದಯ ಸ್ಪಂದಿಸಲು ಬೇಕಾದ ಕನಿಷ್ಠ ಕರೆಂಟ್) ನೋಡಿ ಅಂತಾರೆ. ಬಡಿತವೇ ಏರುಪೇರಾಗಿರುವಾಗ ಅದನ್ನು ನೋಡೋದು ಹೇಗೆ? ಸೆನ್ಸಿಟಿವಿಟಿ (ರೋಗಿಯ ಸ್ವಂತ ಬಡಿತ ಪೆಟ್ಟಿಗೆಗೆ ಎಷ್ಟು ಕಾಣಬೇಕು ಅನ್ನೋದು) ಗುಂಡಿ ಯಾವ ಕಡೆ ತಿರುಗಿಸಿದರೆ ಜಾಸ್ತಿ, ಯಾವ ಕಡೆ ಕಮ್ಮಿ ಅನ್ನೋದರಲ್ಲಿ ಪ್ರತಿ ಸಲ ಗೊಂದಲ.

ಲಯ_ವೈದ್ಯೆ:
38 ಅನ್ನು ನಂಬಿ ಸಿಸ್ಟರ್. ಮಾನಿಟರ್ ಸ್ಪೈಕನ್ನೇ (ಪೇಸಿಂಗ್ ಪೆಟ್ಟಿಗೆಯ ಕರೆಂಟ್ ಮೂಡಿಸುವ ಚೂಪು ಗೆರೆ) ಕ್ಯೂಆರ್‌ಎಸ್ (ಹೃದಯ ಬಡಿದಾಗ ಇಸಿಜಿಯಲ್ಲಿ ಬರುವ ಅಲೆ) ಅಂದುಕೊಂಡು ಎಣಿಸುತ್ತೆ. ಸ್ಪೈಕ್ ಬಂತು ಅಂದರೆ ಪೆಟ್ಟಿಗೆ ಕರೆಂಟ್ ಕಳಿಸಿತು ಅಂತ ಮಾತ್ರ ಅರ್ಥ. ಹೃದಯ ಸ್ಪಂದಿಸಿತೇ ಅನ್ನೋದು ಬೇರೆ, ಸ್ಪಂದಿಸಿ ರಕ್ತ ದೂಡಿತೇ ಅನ್ನೋದು ಇನ್ನೂ ಬೇರೆ.

ಪ್ರತಿ ಸ್ಪೈಕಿನ ಹಿಂದೆಯೇ ಅಗಲವಾದ ಕ್ಯೂಆರ್‌ಎಸ್ ಬೇಕು, ಅದರ ಹಿಂದೆ ವಿರುದ್ಧ ದಿಕ್ಕಿನ ದೊಡ್ಡ ಟಿ ಅಲೆ (ಬಡಿತದ ನಂತರ ಹೃದಯ ಚೇತರಿಸುವ ಅಲೆ) ಬೇಕು. ನಾನು ಕ್ಯೂಆರ್‌ಎಸ್‌ಗಿಂತ ಟಿ ಅಲೆಯನ್ನೇ ಹೆಚ್ಚು ನೋಡುತ್ತೇನೆ. ಸ್ಪೈಕ್ ಆದ ಮೇಲೆ ಗೆರೆ ಕೆಳಗಿಳಿದು ನಿಧಾನಕ್ಕೆ ಮೇಲೇರುವ ವಕ್ರರೇಖೆ ಬರುತ್ತಲ್ಲ, ಅದು ಕ್ಯೂಆರ್‌ಎಸ್ ತರಹವೇ ಕಾಣಿಸುತ್ತೆ. ಆದರೆ ಅದಕ್ಕೆ ಟಿ ಅಲೆ ಇರೋದಿಲ್ಲ. ಎಎಫ್‌ನಲ್ಲಿ ಇನ್ನೊಂದು ಮೋಸ ಇದೆ: ರೋಗಿಯ ಸ್ವಂತ ಬಡಿತ ಆಗಾಗ ಸ್ಪೈಕಿನ ಹತ್ತಿರವೇ ಬೀಳುತ್ತೆ, ಕ್ಯಾಪ್ಚರ್ ಆಯಿತು (ಸ್ಪೈಕಿಗೆ ಹೃದಯ ಸ್ಪಂದಿಸಿತು) ಅನ್ನಿಸುತ್ತೆ. ನಾಲ್ಕು ಬಡಿತ ನೋಡಿ ತೀರ್ಮಾನಿಸಬೇಡಿ, ಉದ್ದದ ಸ್ಟ್ರಿಪ್ ತೆಗೆಯಿರಿ.

ಇಸಿಜಿಯಲ್ಲಿ ಕ್ಯಾಪ್ಚರ್ ಖಚಿತವಾದರೆ ಮುಂದಿನದು ನಾಡಿ. ತೊಡೆಸಂದಿನಲ್ಲಿ ಫೆಮೊರಲ್ ನೋಡಿ. ಪ್ರೋಬಿನ ಅಲೆ, ಆರ್ಟೀರಿಯಲ್ ಲೈನ್ ಇದ್ದರೆ ಅದರ ಅಲೆ, ಅಥವಾ ಎಕೋ ಪ್ರೋಬ್ ಎದೆಗಿಟ್ಟು ಕುಕ್ಷಿ (ಹೃದಯದ ಕೆಳಗಿನ ಕೋಣೆ) ಕುಗ್ಗುತ್ತಿದೆಯೇ ಅಂತ ನೋಡೋದು ಇನ್ನೂ ಒಳ್ಳೆಯದು.

ಐಸಿಯು_ಪಿಜಿ:
ಕುತ್ತಿಗೆಯ ನಾಡಿ ಆಗಲ್ವಾ ಮೇಡಂ? ಮತ್ತೆ ಎಷ್ಟು ಮಿಲಿಆಂಪ್‌ಗೆ ಸಾಮಾನ್ಯವಾಗಿ ಹಿಡಿಯುತ್ತೆ?

ಅರಿವಳಿಕೆ_ಮನುಷ್ಯ:
ಕುತ್ತಿಗೆ ಬೇಡ. ಹೊರಗಿನ ಪೇಸಿಂಗ್ ಎದೆ, ಭುಜ, ಕುತ್ತಿಗೆಯ ಸ್ನಾಯುಗಳನ್ನೆಲ್ಲ ಅದೇ ದರದಲ್ಲಿ ಕುಣಿಸುತ್ತೆ. ಬೆರಳಿಗೆ ಸಿಗುವುದು ನಾಡಿಯೋ ಸ್ನಾಯುವೋ ಗೊತ್ತಾಗಲ್ಲ.

ಹೆಚ್ಚಿನವರಲ್ಲಿ 40ರಿಂದ 80 ಮಿಲಿಆಂಪ್ ಒಳಗೆ ಹಿಡಿಯುತ್ತೆ. ದಪ್ಪ ದೇಹ, ಎಂಫಿಸೀಮಾ (ಉಬ್ಬಿದ ಶ್ವಾಸಕೋಶ), ಪೆರಿಕಾರ್ಡಿಯಂನಲ್ಲಿ (ಹೃದಯದ ಸುತ್ತಲಿನ ಚೀಲ) ನೀರು ಇದ್ದರೆ ಇನ್ನೂ ಹೆಚ್ಚು ಬೇಕಾಗಬಹುದು. ದರ 60ರಿಂದ 80ಕ್ಕೆ ಇಟ್ಟು, 5-10 ಮಿಲಿಆಂಪ್ ಹೆಜ್ಜೆಯಲ್ಲಿ ಏರಿಸಿ. ಕ್ಯಾಪ್ಚರ್ ಆದ ಜಾಗದಿಂದ 5-10 ಮೇಲೆ ನಿಲ್ಲಿಸಿ. ಆಗಲೇ ಕುಸಿದು ಬೀಳುತ್ತಿರುವ ರೋಗಿಯಾದರೆ ಉಲ್ಟಾ: ಗರಿಷ್ಠದಿಂದ ಶುರು ಮಾಡಿ, ಹಿಡಿದ ಮೇಲೆ ಇಳಿಸಿ.

ಹಿಡಿಯದಿದ್ದರೆ ಮಿಲಿಆಂಪ್ ಏರಿಸುತ್ತಾ ಹೋಗುವ ಮೊದಲು ಪ್ಯಾಡಿನ ಜಾಗ ಸರಿಮಾಡಿ. ಮುಂದೆ ಒಂದು, ಹಿಂದೆ ಒಂದು: ಮುಂದಿನದು ಎದೆಮೂಳೆಯ ಎಡಬದಿಗೆ, ಹಿಂದಿನದು ಎಡ ಹೆಗಲಮೂಳೆಗೂ ಬೆನ್ನುಮೂಳೆಗೂ ನಡುವೆ. ಬೆವರು ಒರೆಸಿ. ಕೂದಲಿದ್ದರೆ ಕತ್ತರಿಸಿ, ರೇಜರ್ ಬೇಡ. ಸಣ್ಣ ಗೀರಾದರೂ ಅಲ್ಲಿ ಸುಡುತ್ತೆ. ಪ್ಯಾಡ್ ಜೊತೆಗೆ ಮೂರು ಇಸಿಜಿ ಲೀಡನ್ನೂ ಅದೇ ಡಿಫಿಬ್ರಿಲೇಟರಿಗೆ ಹಾಕಬೇಕು. ಡಿಮಾಂಡ್ ಮೋಡ್ (ಸ್ವಂತ ಬಡಿತ ಬರದಾಗ ಮಾತ್ರ ಪೇಸ್ ಮಾಡುವುದು) ರೋಗಿಯ ಬಡಿತ ನೋಡೋದು ಆ ಲೀಡಿನಿಂದ. ಲೀಡ್ ಕಳಚಿದರೆ ಕೆಲವು ಯಂತ್ರ ಪೇಸಿಂಗ್ ನಿಲ್ಲಿಸುತ್ತವೆ, ಕೆಲವು ತಾವಾಗಿಯೇ ಫಿಕ್ಸ್ಡ್ ಮೋಡಿಗೆ (ಸ್ವಂತ ಬಡಿತ ನೋಡದೆ ಪೇಸ್ ಮಾಡುವುದು) ಹೋಗುತ್ತವೆ. ನಿಮ್ಮ ಯಂತ್ರ ಯಾವ ಜಾತಿಯದು ಅಂತ ಹಗಲು ಹೊತ್ತಲ್ಲೇ ತಿಳಿದಿಟ್ಟುಕೊಳ್ಳಿ.

ಎಚ್ಚರ ಇರುವ ರೋಗಿಗೆ ಇದು ಸಾಕಷ್ಟು ನೋವು. ಫೆಂಟನಿಲ್ 25-50 ಮೈಕ್ರೋಗ್ರಾಂ, ಬಿಪಿ ತಡೆದುಕೊಂಡರೆ ಮಿಡಜೋಲಮ್ 1-2 ಮಿಗ್ರಾಂ, ಸ್ವಲ್ಪ ಸ್ವಲ್ಪವೇ. ಉಸಿರಾಟದ ಮೇಲೆ ಕಣ್ಣಿರಲಿ. ಚರ್ಮದ ಪೇಸಿಂಗ್ ಏನಿದ್ದರೂ ಲೀಡ್ ಹಾಕುವವರೆಗಿನ ಸೇತುವೆ ಅಷ್ಟೇ. ಗಂಟೆಗಟ್ಟಲೆ ಅದರ ಮೇಲೆ ರೋಗಿಯನ್ನು ಬಿಡುವುದು ತಪ್ಪು.

ಲಯ_ವೈದ್ಯೆ:
ಅದಕ್ಕೂ ಮೊದಲಿನ ಪ್ರಶ್ನೆ, ಯಾರಿಗೆ ಪೇಸಿಂಗ್ ಬೇಕು? ದರ 40 ಇದೆ ಅನ್ನೋದು ಕಾರಣ ಅಲ್ಲ. ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು, ಎದೆನೋವು, ಶ್ವಾಸಕೋಶದಲ್ಲಿ ನೀರು, ಇವು ಕಾರಣ. ಮೊದಲು ಎಟ್ರೋಪಿನ್ 1 ಮಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ, ಒಟ್ಟು 3 ಮಿಗ್ರಾಂವರೆಗೆ. ಅದು ಎವಿ ನೋಡಿನ (ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಕೇತ ದಾಟಿಸುವ ಗಂಟು) ಮಟ್ಟದ ಬ್ಲಾಕಿಗೆ (ಸಂಕೇತದ ತಡೆ) ಕೆಲಸ ಮಾಡುತ್ತೆ. ಅಗಲ ಕ್ಯೂಆರ್‌ಎಸ್ ಇರುವ ಪೂರ್ಣ ಬ್ಲಾಕಿನಲ್ಲಿ ಅದನ್ನು ನೆಚ್ಚಿಕೊಂಡು ಕೂರಬೇಡಿ. ಕಸಿ ಮಾಡಿದ ಹೃದಯದಲ್ಲೂ ಅಷ್ಟೇ. ಡೋಪಮಿನ್ ಕೆಜಿಗೆ ನಿಮಿಷಕ್ಕೆ 5-20 ಮೈಕ್ರೋಗ್ರಾಂ ಅಥವಾ ಎಡ್ರಿನಲಿನ್ ನಿಮಿಷಕ್ಕೆ 2-10 ಮೈಕ್ರೋಗ್ರಾಂ ಓಡಿಸಿಕೊಂಡೇ ಪೇಸಿಂಗ್ ತಯಾರಿ ನಡೆಯಲಿ.

ಹೃದಯದ ಕೆಳಗೋಡೆಯ ಇನ್ಫಾರ್ಕ್ಷನ್‌ನಲ್ಲಿ (ಹೃದಯಾಘಾತ) ಬರುವ ಬ್ಲಾಕ್ ಬಹುಪಾಲು ನೋಡಿನದು, ಕಿರಿದಾದ ಕ್ಯೂಆರ್‌ಎಸ್, ದಿನಗಳಲ್ಲಿ ಸರಿಹೋಗುತ್ತೆ. ಮುಂಗೋಡೆಯದರಲ್ಲಿ ಬಂದರೆ ಸಂಕೇತ ಒಯ್ಯುವ ಕವಲುಗಳೇ (ಬಂಡಲ್) ಸತ್ತಿವೆ ಅಂತ. ಎಸ್ಕೇಪ್ ಬಡಿತ (ಹೃದಯ ತಾನೇ ಹುಟ್ಟಿಸುವ ನಿಧಾನದ ಬದಲಿ ಬಡಿತ) ಯಾವಾಗ ಕೈಕೊಡುತ್ತೋ ಹೇಳಲಾಗದು, ತಡಮಾಡದೆ ಲೀಡ್ ಹಾಕಿ.

ಎಎಫ್ ಇದ್ದವನ ಬಡಿತ ಇದ್ದಕ್ಕಿದ್ದಂತೆ ನಿಧಾನವಾಗಿ, ಗಡಿಯಾರದ ಹಾಗೆ ಸಮವಾಗಿಬಿಟ್ಟರೆ ಖುಷಿಪಡಬೇಡಿ. ಅದು ಎಎಫ್ ಮೇಲೆ ಪೂರ್ಣ ಬ್ಲಾಕ್. ಡಿಜಾಕ್ಸಿನ್ ತೆಗೆದುಕೊಳ್ಳುತ್ತಿದ್ದರೆ ಆ ಕಡೆ ಮೊದಲು ನೋಡಿ, ಜೊತೆಗೆ ಬೀಟಾ ಬ್ಲಾಕರ್, ಡಿಲ್ಟಿಯಜೆಮ್, ಮತ್ತು ಪೊಟ್ಯಾಸಿಯಂ. ಪೊಟ್ಯಾಸಿಯಂ 7ರ ಮೇಲಿದ್ದರೆ ಪೇಸರ್ ಹಿಡಿಯದೇ ಇರಬಹುದು. ಆಗ ಮದ್ದು 10% ಕ್ಯಾಲ್ಸಿಯಂ ಗ್ಲುಕೋನೇಟ್ 10-30 ಮಿಲಿ, ಇನ್ಸುಲಿನ್-ಗ್ಲೂಕೋಸ್, ಡಯಾಲಿಸಿಸ್. ಮಿಲಿಆಂಪ್ ಏರಿಸೋದಲ್ಲ.

ಕ್ಯಾಥ್_ತಂತ್ರಜ್ಞ:
ಒಳಗಿನ ಲೀಡಿನ ವಿಷಯ ನಾನು ಬರೀತೀನಿ.

ಮೊದಲೇ ಎತ್ತಿಟ್ಟುಕೊಳ್ಳಬೇಕಾದ್ದು: 5 ಫ್ರೆಂಚ್ (ದಪ್ಪದ ಅಳತೆ) ಬೈಪೋಲಾರ್ ಬಲೂನ್ ಲೀಡ್, 6 ಫ್ರೆಂಚ್ ಶೀತ್ (ಸಿರೆಯಲ್ಲಿ ಇಡುವ ಕೊಳವೆ), ಲೀಡಿನ ಮೇಲೆ ಹಾಕುವ ಪ್ಲಾಸ್ಟಿಕ್ ತೋಳು (ಇದನ್ನು ಲೀಡ್ ಒಳಗೆ ಹೋಗುವ ಮುಂಚೆಯೇ ಏರಿಸಿರಬೇಕು, ಆಮೇಲೆ ನೆನಪಾದರೆ ಪ್ರಯೋಜನ ಇಲ್ಲ), ಜನರೇಟರ್ ಪೆಟ್ಟಿಗೆ, ಕೇಬಲ್, ಹೊಸ ಬ್ಯಾಟರಿ, ಇನ್ನೊಂದು ಹೊಸ ಬ್ಯಾಟರಿ, ಅಲ್ಟ್ರಾಸೌಂಡ್. ಎದೆಯ ಮೇಲೆ ಪ್ಯಾಡ್ ಹಾಗೇ ಇರಲಿ. ಎಡ ಬಂಡಲ್ ಬ್ಲಾಕ್ ಇರುವವರಲ್ಲಿ ಲೀಡ್ ಹೋಗುವಾಗ ಬಲ ಬಂಡಲಿಗೆ ತಾಗಿದರೆ ಪೂರ್ಣ ಬ್ಲಾಕ್ ಆಗುತ್ತೆ, ಆಗ ಪ್ಯಾಡೇ ಗತಿ.

ದಾರಿ: ಬಲ ಆಂತರಿಕ ಜುಗುಲಾರ್ (ಕುತ್ತಿಗೆಯ ಸಿರೆ), ಅದು ನೇರ. ಎಡ ಸಬ್‌ಕ್ಲೇವಿಯನ್ (ಕೊರಳೆಲುಬಿನ ಕೆಳಗಿನ ಸಿರೆ) ಕೂಡ ಸುಲಭವೇ. ಆದರೆ ಮುಂದೆ ಕಾಯಂ ಪೇಸ್‌ಮೇಕರ್ ಸಾಮಾನ್ಯವಾಗಿ ಆ ಕಡೆಯೇ ಕೂರೋದರಿಂದ ಅದನ್ನು ಮುಟ್ಟದೆ ಬಿಡೋದು ಜಾಣತನ. ಥ್ರಾಂಬೊಲಿಸಿಸ್ (ಹೆಪ್ಪು ಕರಗಿಸುವ ಚಿಕಿತ್ಸೆ) ಆದವರಿಗೆ ಸಬ್‌ಕ್ಲೇವಿಯನ್ ಬೇಡವೇ ಬೇಡ, ರಕ್ತ ಬಂದರೆ ಒತ್ತಿಹಿಡಿಯಲು ಆಗಲ್ಲ. ಫೆಮೊರಲ್ ಆದರೆ ಎಕ್ಸ್‌ರೇ ಪರದೆ ಬೇಕು, ರೋಗಿ ಕಾಲು ಮಡಚುವಂತಿಲ್ಲ.

ಬಲೂನನ್ನು ಸ್ಟೆರೈಲ್ ಸಲೈನಿನಲ್ಲಿ ಮುಳುಗಿಸಿ ಗಾಳಿ ತುಂಬಿ, ಗುಳ್ಳೆ ಬಂದರೆ ಆ ಲೀಡ್ ಬಿಸಾಕಿ. ಎಷ್ಟು ಗಾಳಿ ಅಂತ ಲೀಡಿನ ಮೇಲೇ ಇರುತ್ತೆ, ಸಾಮಾನ್ಯವಾಗಿ 1ರಿಂದ 1.5 ಮಿಲಿ. ದ್ರವ ತುಂಬಬಾರದು. ಲೀಡಿನ ಬಾಗು ರೋಗಿಯ ಎಡಕ್ಕೆ ಮುಖಮಾಡಿರಲಿ. ಶೀತಿನಿಂದ ತುದಿ ಆಚೆ ಹೋದ ಮೇಲೆ, ಅಂದರೆ ಸುಮಾರು 15-20 ಸೆಂಮೀ ಗುರುತಿನಲ್ಲಿ, ಬಲೂನ್ ಉಬ್ಬಿಸಿ. ಕುಕ್ಷಿಗೆ ಇಳಿದ ಮೇಲೆ ಗಾಳಿ ತೆಗೆದು ಇನ್ನಷ್ಟು ಮುಂದೂಡಿ. ಬಲ ಜುಗುಲಾರಿನಿಂದ ಕುಕ್ಷಿಯ ತುದಿ ಸುಮಾರು 30-40 ಸೆಂಮೀ. 50 ದಾಟಿದರೂ ಕ್ಯಾಪ್ಚರ್ ಇಲ್ಲ ಅಂದರೆ ಸುರುಳಿ ಸುತ್ತಿದೆ ಅಥವಾ ಕೆಳ ಮಹಾಸಿರೆಗೆ ಹೋಗಿದೆ. ಹಿಂದೆಳೆಯುವಾಗ ಬಲೂನಿನಲ್ಲಿ ಗಾಳಿ ಇರಲೇಕೂಡದು. ಟ್ರೈಕಸ್ಪಿಡ್ ಕವಾಟದ ಎಳೆಗಳು ಕಿತ್ತು ಬರುತ್ತವೆ.

ಜೋಡಣೆ: ತುದಿಯ (ಡಿಸ್ಟಲ್) ಪಿನ್ ಋಣಕ್ಕೆ, ಹಿಂದಿನ ಉಂಗುರದ್ದು (ಪ್ರಾಕ್ಸಿಮಲ್) ಧನಕ್ಕೆ. ಉಲ್ಟಾ ಹಾಕಿದರೂ ಕೆಲವೊಮ್ಮೆ ಪೇಸ್ ಆಗುತ್ತೆ, ಆದರೆ ಥ್ರೆಶೋಲ್ಡ್ ಹೆಚ್ಚಿರುತ್ತೆ. ಕಾರಣ ಗೊತ್ತಾಗದೆ ಲೀಡನ್ನೇ ಅಲುಗಾಡಿಸಿ ಕೆಡಿಸುತ್ತಾರೆ.

ಐಸಿಯು_ಪಿಜಿ:
ಎಕ್ಸ್‌ರೇ ಪರದೆ ಇಲ್ಲದೆ ಹಾಸಿಗೆಯ ಬಳಿಯೇ ಹಾಕುವುದನ್ನು ಕೆಲವರು ಬೈತಾರೆ, ಕೆಲವರು ಸಲೀಸು ಅಂತಾರೆ. ನಿಮ್ಮ ಅಭಿಪ್ರಾಯ?

ಲಯ_ವೈದ್ಯೆ:
ಪರದೆ ಹತ್ತು ನಿಮಿಷದಲ್ಲಿ ಸಿಗುವುದಾದರೆ ಪರದೆಯೇ. ಸಿಗದಿದ್ದರೆ ಎಕೋ ಇಟ್ಟುಕೊಂಡು, ಸಬ್‌ಕಾಸ್ಟಲ್ (ಪಕ್ಕೆಲುಬಿನ ಕೆಳಗಿನಿಂದ ನೋಡುವ) ನೋಟದಲ್ಲಿ ಲೀಡ್ ಟ್ರೈಕಸ್ಪಿಡ್ ದಾಟುವುದನ್ನು ನೋಡುತ್ತಾ ಹಾಕಿ. ಸುಮ್ಮನೆ ಕುರುಡಾಗಿ ತಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಅರಿವಳಿಕೆ_ಮನುಷ್ಯ:
ಮೇಡಂ, ಅರ್ಧ ಒಪ್ಪುತ್ತೇನೆ. ಎಕೋ ನೋಡಬಲ್ಲವರೂ ಇಲ್ಲದ ಹೊತ್ತಿನಲ್ಲಿ ರೋಗಿ ಸಾಯಲು ಬಿಡುವ ಬದಲು ಪೆಟ್ಟಿಗೆ ಆನ್ ಮಾಡಿಟ್ಟೇ ಲೀಡ್ ಮುಂದೂಡುವ ಹಳೆಯ ಕ್ರಮ ಇದ್ದೇ ಇದೆ. ಅಥವಾ ತುದಿಯ ಪಿನ್ನನ್ನು ಇಸಿಜಿಯ ವಿ1 ಲೀಡಿಗೆ ಕೊಟ್ಟರೆ ಎಲ್ಲಿದ್ದೇವೆ ಅಂತ ಗೊತ್ತಾಗುತ್ತೆ: ಕರ್ಣದಲ್ಲಿ (ಹೃದಯದ ಮೇಲಿನ ಕೋಣೆ) ಪಿ ಅಲೆ (ಆ ಕೋಣೆಯ ಬಡಿತದ ಅಲೆ) ಭಾರೀ ದೊಡ್ಡದು, ಕುಕ್ಷಿಗೆ ಇಳಿದಾಗ ಪಿ ಕುಗ್ಗಿ ಕ್ಯೂಆರ್‌ಎಸ್ ಭಾರೀ ದೊಡ್ಡದು, ಗೋಡೆ ಮುಟ್ಟಿದಾಗ ಎಸ್‌ಟಿ ಜಿಗಿಯುತ್ತೆ.

ಲಯ_ವೈದ್ಯೆ:
ಇದೇ ಎಎಫ್ ರೋಗಿಯಲ್ಲಿ ಪಿ ಅಲೆ ಎಲ್ಲಿಂದ ಬರಬೇಕು ಡಾಕ್ಟ್ರೇ? ಕರ್ಣದಲ್ಲಿ ಸಿಗೋದು ಒರಟೊರಟಾದ ಎಎಫ್ ಅಲೆ ಮಾತ್ರ. ಕ್ಯೂಆರ್‌ಎಸ್ ದೊಡ್ಡದಾಗುವುದನ್ನು ನಂಬಬಹುದು, ಆದರೆ ಬಡಿತವೇ ನಿಂತು ನಿಂತು ಬರುವಾಗ ಅದಕ್ಕೂ ಕಾಯಬೇಕು. ಈ ರೋಗಿಗಳಲ್ಲಿ ಪೇಸ್ ಮಾಡುತ್ತಲೇ ಮುಂದೂಡುವ ಕ್ರಮ ವಾಸಿ.

ಕೂತ ಮೇಲೆ 12 ಲೀಡ್ ಇಸಿಜಿ ತೆಗೆಯಲೇಬೇಕು. ಬಲ ಕುಕ್ಷಿಯ ತುದಿಯಲ್ಲಿದ್ದರೆ ಎಡ ಬಂಡಲ್ ಬ್ಲಾಕಿನ ಆಕಾರ, ಲೀಡ್ 2, 3, ಎವಿಎಫ್‌ನಲ್ಲಿ ಕೆಳಮುಖ. ಆ ಮೂರರಲ್ಲಿ ಮೇಲ್ಮುಖ ಇದ್ದರೆ ತುದಿ ಮೇಲೆ ಹೊರಹರಿವಿನ ದಾರಿಯಲ್ಲಿದೆ, ಜಾರುವ ಜಾಗ. ಬಲ ಬಂಡಲ್ ಬ್ಲಾಕಿನ ಆಕಾರ ಬಂದರೆ ಕರೊನರಿ ಸೈನಸ್ ಹೊಕ್ಕಿದೆಯೋ, ಗೋಡೆ ತೂತಾಗಿದೆಯೋ, ಕರ್ಣದ ರಂಧ್ರದ ಮೂಲಕ ಎಡಕ್ಕೆ ದಾಟಿದೆಯೋ ನೋಡಬೇಕು. ಎದೆಯ ಎಕ್ಸ್‌ರೇ ಕೂಡ, ನ್ಯೂಮೊಥೊರಾಕ್ಸ್‌ಗಾಗಿ (ಶ್ವಾಸಕೋಶದ ಸುತ್ತ ಗಾಳಿ ಸೋರಿದೆಯೇ ಅಂತ).

ರಾತ್ರಿಪಾಳಿ_ಸಿಸಿಯು:
ಸರಿ, ಲೀಡ್ ಕೂತಿತು. ಗುಂಡಿಗಳ ವಿಷಯ ಹೇಳಿ ಸರ್.

ಕ್ಯಾಥ್_ತಂತ್ರಜ್ಞ:
ತುರ್ತಿನಲ್ಲಿ: ದರ 80, ಔಟ್‌ಪುಟ್ (ಕಳಿಸುವ ಕರೆಂಟ್) ಗರಿಷ್ಠ, ಅಸಿಂಕ್ರೊನಸ್ (ಸ್ವಂತ ಬಡಿತ ನೋಡದೆ ಪೇಸ್ ಮಾಡುವ ಮೋಡ್). ಸ್ಥಿರವಾದ ಮೇಲೆ: ವಿವಿಐ (ಕುಕ್ಷಿಯ ಬಡಿತ ನೋಡಿ, ಬೇಕಾದಾಗ ಮಾತ್ರ ಅದನ್ನು ಪೇಸ್ ಮಾಡುವ ಮೋಡ್), ದರ 60-80, ಸೆನ್ಸಿಟಿವಿಟಿ 2 ಮಿಲಿವೋಲ್ಟ್ ಆಸುಪಾಸು, ಔಟ್‌ಪುಟ್ 5 ಮಿಲಿಆಂಪ್. ಸ್ವಂತ ಬಡಿತ ಇದ್ದೂ ಅಸಿಂಕ್ರೊನಸ್‌ನಲ್ಲೇ ಮರೆತುಬಿಟ್ಟರೆ ಸ್ಪೈಕ್ ಟಿ ಅಲೆಯ ಮೇಲೆ ಬಿದ್ದು ವಿಎಫ್ (ಕುಕ್ಷಿ ಬರೀ ನಡುಗಿ ರಕ್ತ ದೂಡದ ಮಾರಕ ಲಯ) ಆಗಬಹುದು.

ಔಟ್‌ಪುಟ್ ಥ್ರೆಶೋಲ್ಡ್: ಪೇಸರ್ ದರವನ್ನು ಸ್ವಂತ ಬಡಿತಕ್ಕಿಂತ ಮೇಲೆ ಇಡಿ. ಎಎಫ್‌ನಲ್ಲಿ 'ಸರಾಸರಿಗಿಂತ 10 ಹೆಚ್ಚು' ಅನ್ನೋದು ಸಾಲದು, ಬಡಿತ 50ಕ್ಕೂ 90ಕ್ಕೂ ತೂಗಾಡುತ್ತಿರುತ್ತೆ. ಅದರ ಅತಿವೇಗದ ಓಟಕ್ಕಿಂತಲೂ ಮೇಲೆ, ಸ್ವಲ್ಪ ಹೊತ್ತು 100ಕ್ಕೆ ಇಟ್ಟು, ಸಾಲಾಗಿ ಎಲ್ಲವೂ ಪೇಸ್ ಆಗುತ್ತಿವೆ ಅಂತ ಖಾತ್ರಿಯಾದ ಮೇಲೆ ಔಟ್‌ಪುಟ್ ಇಳಿಸಿ. ಸ್ಪೈಕ್ ಇದ್ದು ಕ್ಯೂಆರ್‌ಎಸ್ ತಪ್ಪಿದ ಕೂಡಲೇ ಮತ್ತೆ ಏರಿಸಿ. ಮತ್ತೆ ಹಿಡಿಯುವ ಅಂಕಿಯೇ ಥ್ರೆಶೋಲ್ಡ್. ಹೊಸ ಲೀಡಿನಲ್ಲಿ 1 ಮಿಲಿಆಂಪ್‌ಗಿಂತ ಕಡಿಮೆ ಇದ್ದರೆ ಒಳ್ಳೆಯ ಜಾಗ. ಅದರ ಎರಡು-ಮೂರು ಪಟ್ಟು ಇಟ್ಟುಬಿಡಿ. ನಿನ್ನೆ 0.6, ಇವತ್ತು 2 ಅಂದರೆ ತಕ್ಷಣ ಡಾಕ್ಟರಿಗೆ ಹೇಳಿ.

ಸೆನ್ಸಿಟಿವಿಟಿ: ಮಿಲಿವೋಲ್ಟ್ ಅಂಕಿಯನ್ನು ಹೊಸ್ತಿಲಿನ ಎತ್ತರ ಅಂದುಕೊಳ್ಳಿ. ಒಳಬರುವ ಆರ್ ಅಲೆ (ಕ್ಯೂಆರ್‌ಎಸ್‌ನ ಎತ್ತರದ ಭಾಗ) ಅದನ್ನು ದಾಟಿದರೆ ಮಾತ್ರ ಪೆಟ್ಟಿಗೆಗೆ ಕಾಣಿಸುತ್ತೆ. ಅಂಕಿ ದೊಡ್ಡದಾದರೆ ಹೊಸ್ತಿಲು ಎತ್ತರ, ಕಾಣಿಸೋದು ಕಮ್ಮಿ. ಅಂಕಿ ಚಿಕ್ಕದಾದರೆ ಇರುವೆಯೂ ದಾಟುತ್ತೆ, ಸ್ನಾಯುವಿನ ಅಲುಗಾಟ, ಡಯಾಥರ್ಮಿ (ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿದ್ಯುತ್ ಉಪಕರಣ) ಎಲ್ಲವೂ ಬಡಿತ ಅಂತ ಕಂಡು ಪೇಸಿಂಗ್ ನಿಂತುಹೋಗುತ್ತೆ. ಪರೀಕ್ಷೆಗೆ ದರವನ್ನು ಸ್ವಂತ ಬಡಿತಕ್ಕಿಂತ 10 ಕೆಳಗೆ ಇಳಿಸಿ, ಔಟ್‌ಪುಟ್ ಕನಿಷ್ಠಕ್ಕೆ ತನ್ನಿ (ಪೇಸ್ ಆದರೂ ಹಿಡಿಯದಂತೆ), ಸೆನ್ಸ್ ದೀಪ ಮಿನುಗುವುದನ್ನು ನೋಡುತ್ತಾ ಮಿಲಿವೋಲ್ಟ್ ಏರಿಸಿ. ದೀಪ ತಪ್ಪಲು ಶುರುವಾದ ಅಂಕಿಯ ಅರ್ಧಕ್ಕೆ ಇಡಿ. ಮುಗಿದ ತಕ್ಷಣ ಔಟ್‌ಪುಟ್ ಮೇಲಕ್ಕೆ. ಇದನ್ನು ಮರೆಯೋದು ಬಹಳ ಸುಲಭ.

ಪೇಸರ್ ಇಲ್ಲದೆ ಸ್ವಂತ ಬಡಿತವೇ ಇಲ್ಲದ ರೋಗಿಯಲ್ಲಿ ಈ ಎರಡನೆಯ ಪರೀಕ್ಷೆ ಮಾಡಬಾರದು.

ಲಯ_ವೈದ್ಯೆ:
ಎಎಫ್ ಮತ್ತು ಎಕ್ಟೋಪಿಕ್ (ಬೇರೆ ಜಾಗದಿಂದ ಹುಟ್ಟುವ ಹೆಚ್ಚುವರಿ ಬಡಿತ) ಇರುವವರಲ್ಲಿ ಆರ್ ಅಲೆಯ ಎತ್ತರ ಬಡಿತದಿಂದ ಬಡಿತಕ್ಕೆ ಬದಲಾಗುತ್ತೆ. ದೀಪ ಒಂದೇ ಒಂದು ಸಲ ತಪ್ಪಿದರೂ ಅದೇ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಿರಿ. ಅತಿ ಚಿಕ್ಕ ಅಲೆಯೂ ದಾಟಬೇಕು.

ಇನ್ನೊಂದು ವಿಷಯ. ಸ್ಪೈಕ್ ಕ್ಯೂಆರ್‌ಎಸ್‌ನ ಒಳಗೇ ಬಿದ್ದಿದೆ ಅಂತ ಗಾಬರಿಯಾಗಿ ಕರೆ ಬರುತ್ತವೆ. ಬಲ ಬಂಡಲ್ ಬ್ಲಾಕ್ ಇರುವವರಲ್ಲಿ ಅಲೆ ಬಲ ಕುಕ್ಷಿಯ ಲೀಡಿಗೆ ತಲುಪುವುದೇ ತಡವಾಗಿ, ಅಷ್ಟರಲ್ಲಿ ಪೆಟ್ಟಿಗೆ ಹೊಡೆದಿರುತ್ತೆ. ಅದು ದೋಷ ಅಲ್ಲ. ಆದರೆ ಸ್ಪೈಕ್ ಎಸ್‌ಟಿ ಅಥವಾ ಟಿ ಮೇಲೆ ಬಿದ್ದು, ಹಿಂದೆ ಕ್ಯೂಆರ್‌ಎಸ್ ಬರದಿದ್ದರೆ ಅದನ್ನು 'ಕ್ಯಾಪ್ಚರ್ ತಪ್ಪಿದೆ' ಅಂತ ಬರೆದು ಔಟ್‌ಪುಟ್ ಏರಿಸಬೇಡಿ. ಆ ಹೊತ್ತಿಗೆ ಹೃದಯ ಸಾಮಾನ್ಯ ಪ್ರಚೋದನೆಗೆ ಸ್ಪಂದಿಸಲಾರದು, ಟಿ ಮೇಲೆ ಬಲವಾದದ್ದಕ್ಕೆ ಮಾತ್ರ ಸ್ಪಂದಿಸಬಹುದು. ದೋಷ ಸೆನ್ಸಿಂಗಿನದು, ಮಿಲಿವೋಲ್ಟ್ ಇಳಿಸಿ. ಔಟ್‌ಪುಟ್ ಏರಿಸಿದರೆ ವಿಎಫ್‌ಗೆ ದಾರಿ ಮಾಡಿಕೊಟ್ಟಂತೆ.

ರಾತ್ರಿಪಾಳಿ_ಸಿಸಿಯು:
ಇದು ಗೊತ್ತಿರಲಿಲ್ಲ ಮೇಡಂ. ನಡುರಾತ್ರಿ ಇದ್ದಕ್ಕಿದ್ದಂತೆ ಪೇಸಿಂಗ್ ಕೈಕೊಟ್ಟರೆ ಕ್ರಮ?

ಕ್ಯಾಥ್_ತಂತ್ರಜ್ಞ:
ರೋಗಿ ಕುಸಿದಿದ್ದರೆ ಸಹಾಯಕ್ಕೆ ಕರೆದು, ನಾಡಿ ಇಲ್ಲದಿದ್ದರೆ ಸಿಪಿಆರ್, ಪ್ಯಾಡಿನಿಂದ ಪೇಸಿಂಗ್. ಇನ್ನೊಬ್ಬರು ಪೆಟ್ಟಿಗೆ ನೋಡಲಿ.

ಸ್ಪೈಕೇ ಇಲ್ಲವೇ? ಬ್ಯಾಟರಿ, ಕೇಬಲ್, ಪಿನ್ನಿನ ತಿರುಪು, ಈ ಮೂರು ಮೊದಲು. ಎಲ್ಲ ಸರಿಯಿದ್ದರೆ ಓವರ್‌ಸೆನ್ಸಿಂಗ್: ಸೆನ್ಸ್ ದೀಪ ಸುಮ್ಮಸುಮ್ಮನೆ ಮಿನುಗುತ್ತಿರುತ್ತೆ. ಅಸಿಂಕ್ರೊನಸ್‌ಗೆ ಹಾಕಿದಾಗ ಸ್ಪೈಕ್ ಬಂದರೆ ಅದೇ ಕಾರಣ. ಸ್ಪೈಕ್ ಇದ್ದು ಹಿಡಿಯುತ್ತಿಲ್ಲವೇ? ಔಟ್‌ಪುಟ್ ಪೂರ್ತಿ ಏರಿಸಿ, ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ (ತುದಿ ಗೋಡೆಗೆ ತಾಗಿ ಕೆಲವೊಮ್ಮೆ ಹಿಡಿಯುತ್ತೆ), ರಕ್ತದ ಅನಿಲ ಮತ್ತು ಪೊಟ್ಯಾಸಿಯಂ ಕಳಿಸಿ. ಆಮ್ಲತೆ, ಆಮ್ಲಜನಕದ ಕೊರತೆ, ಫ್ಲೆಕೈನೈಡ್ ಥರದ ಔಷಧಿ ಎಲ್ಲವೂ ಥ್ರೆಶೋಲ್ಡ್ ಏರಿಸುತ್ತವೆ. ಆಮೇಲೆ ಎಕ್ಸ್‌ರೇ.

ಪೇಸಿಂಗ್ ದರದಲ್ಲೇ ಹೊಟ್ಟೆ ಅದುರುತ್ತಿದೆ, ಬಿಕ್ಕಳಿಕೆ ಬರುತ್ತಿದೆ ಅಂದರೆ ಡಯಾಫ್ರಮ್‌ಗೆ ಕರೆಂಟ್ ಹೋಗುತ್ತಿದೆ. ಔಟ್‌ಪುಟ್ ಹೆಚ್ಚಿದ್ದರೂ ಆಗುತ್ತೆ, ಗೋಡೆ ತೂತಾದರೂ ಆಗುತ್ತೆ. ಜೊತೆಗೆ ಎದೆನೋವು, ಏರಿದ ಥ್ರೆಶೋಲ್ಡ್, ಬಿಪಿ ಕುಸಿತ ಇದ್ದರೆ ಎಕೋ ಬರುವವರೆಗೆ ಲೀಡ್ ಎಳೆಯಬೇಡಿ.

ಬರಿಗೈಯಲ್ಲಿ ಪಿನ್ ಮುಟ್ಟಬೇಡಿ, ಗ್ಲೌಸ್ ಇರಲಿ. ಆ ತಂತಿ ನೇರ ಹೃದಯದ ಒಳಗೋಡೆಗೆ ಹೋಗಿದೆ. ಬೇರೆ ಉಪಕರಣದಿಂದ ಸೋರುವ, ನಿಮಗೆ ಚುರುಕ್ ಅಂತಲೂ ಅನ್ನಿಸದ ಮೈಕ್ರೋಆಂಪ್ ಕರೆಂಟೂ ವಿಎಫ್ ತರಬಹುದು. ಬಳಸದ ಪಿನ್ನನ್ನು ಗ್ಲೌಸಿನ ಬೆರಳು ಕತ್ತರಿಸಿ ಮುಚ್ಚಿ.

ಸರ್ಜರಿ_ಐಸಿಯು:
ಶಸ್ತ್ರಚಿಕಿತ್ಸೆ ಆದವರ ಎಪಿಕಾರ್ಡಿಯಲ್ (ಹೃದಯದ ಹೊರಮೈಗೆ ಹಾಕಿದ) ತಂತಿ ಬಗ್ಗೆ ಸ್ವಲ್ಪ. ರೂಢಿಯಲ್ಲಿ ಎದೆಮೂಳೆಯ ಬಲಕ್ಕೆ ಬಂದವು ಕರ್ಣದ್ದು, ಎಡಕ್ಕೆ ಬಂದವು ಕುಕ್ಷಿಯದ್ದು. ಆದರೂ ಆಪರೇಷನ್ ಟಿಪ್ಪಣಿ ನೋಡಿಯೇ ನಂಬಿ. ನಾಲ್ಕೈದು ದಿನದಲ್ಲಿ ಥ್ರೆಶೋಲ್ಡ್ ಏರುತ್ತಾ ಹೋಗುತ್ತೆ. ಹಿಡಿಯದಾದಾಗ ಧನ-ಋಣ ಅದಲುಬದಲು ಮಾಡಿ ನೋಡಿ. ಒಂದು ತಂತಿ ಸತ್ತಿದ್ದರೆ ಇನ್ನೊಂದನ್ನು ಋಣಕ್ಕೆ ಕೊಟ್ಟು, ಚರ್ಮಕ್ಕೆ ಒಂದು ತಂತಿ ಹೊಲಿದು ಧನಕ್ಕೆ ಕೊಡಬಹುದು.

ಡಿಡಿಡಿಯಲ್ಲಿದ್ದಾಗ (ಕರ್ಣ, ಕುಕ್ಷಿ ಎರಡನ್ನೂ ಪೇಸ್ ಮಾಡಿ, ಕರ್ಣವನ್ನು ಹಿಂಬಾಲಿಸುವ ಮೋಡ್) ಎಎಫ್ ಶುರುವಾದರೆ ಪೆಟ್ಟಿಗೆ ಕರ್ಣದ ಹುಚ್ಚುಬಡಿತವನ್ನೇ ಹಿಂಬಾಲಿಸಿ ಕುಕ್ಷಿಯನ್ನೂ ಅದರ ಮೇಲ್ಮಿತಿಯವರೆಗೆ ಓಡಿಸುತ್ತೆ. ವಿವಿಐ ಅಥವಾ ಡಿಡಿಐಗೆ (ಕರ್ಣವನ್ನು ಹಿಂಬಾಲಿಸದ ಮೋಡ್) ಬದಲಿಸಿ. ಏಟ್ರಿಯಲ್ ಫ್ಲಟರ್ (ಕರ್ಣದ ವೇಗದ, ಆದರೆ ಸಮವಾದ ಲಯ) ಆದರೆ ಕರ್ಣವನ್ನು ಫ್ಲಟರ್ ದರಕ್ಕಿಂತ 10-20% ವೇಗವಾಗಿ ಕೆಲವು ಸೆಕೆಂಡ್ ಪೇಸ್ ಮಾಡಿ ನಿಲ್ಲಿಸಿ ಮುರಿಯಬಹುದು. ಎಎಫ್‌ಗೆ ಇದು ನಡೆಯಲ್ಲ. ಇದಕ್ಕಿರುವ ರ‍್ಯಾಪಿಡ್ ಮೋಡ್ ನಿಮಿಷಕ್ಕೆ ನೂರಾರು ಬಡಿತ ಕೊಡುತ್ತೆ. ತಪ್ಪಿ ಕುಕ್ಷಿಯ ತಂತಿಗೆ ಕೊಟ್ಟರೆ ಅಲ್ಲೇ ವಿಎಫ್. ಅದಕ್ಕೇ ಮೊದಲು ಕುಕ್ಷಿಯ ದರಕ್ಕಿಂತ ಸ್ವಲ್ಪ ಮೇಲಿಟ್ಟು ಅದೇ ತಂತಿಯಿಂದ ಪೇಸ್ ಮಾಡಿ ನೋಡಿ. ಸ್ಪೈಕಿನ ಹಿಂದೆಯೇ ಅಗಲ ಕ್ಯೂಆರ್‌ಎಸ್ ಬಂದರೆ ತಂತಿ ತಪ್ಪು. ಡಿಫಿಬ್ರಿಲೇಟರ್ ಪಕ್ಕದಲ್ಲೇ ಇರಲಿ.

ಐಸಿಯು_ಪಿಜಿ:
ಟೊರ್ಸಾಡ್‌ಗೂ (ಇಸಿಜಿಯಲ್ಲಿ ತಿರುಚಿದಂತೆ ಕಾಣುವ ಕುಕ್ಷಿಯ ಲಯ) ಪೇಸಿಂಗ್ ಅಂತಾರಲ್ಲ, ಅದು ವೇಗದ ಲಯ ಅಲ್ವಾ?

ಲಯ_ವೈದ್ಯೆ:
ಕ್ಯೂಟಿ (ಕ್ಯೂಆರ್‌ಎಸ್ ಶುರುವಿನಿಂದ ಟಿ ಮುಗಿಯುವವರೆಗಿನ ಅವಧಿ) ಉದ್ದ ಇದ್ದು, ವಿರಾಮ ಆದ ಮೇಲೆ ಶುರುವಾಗುವ ಜಾತಿಗೆ. ಮೆಗ್ನೀಸಿಯಂ 2 ಗ್ರಾಂ, ಪೊಟ್ಯಾಸಿಯಂ 4.5ರ ಮೇಲೆ, ಕಾರಣವಾದ ಔಷಧಿ ಬಂದ್. ಆಮೇಲೂ ಮರುಕಳಿಸಿದರೆ 90-110ಕ್ಕೆ ಪೇಸ್ ಮಾಡಿ. ವಿರಾಮವೇ ಇಲ್ಲದಂತಾಗುತ್ತೆ, ಕ್ಯೂಟಿಯೂ ಕುಗ್ಗುತ್ತೆ. ಇಲ್ಲಿ ಸೆನ್ಸಿಂಗ್ ತಪ್ಪಿದರೆ ನಾವೇ ಟೊರ್ಸಾಡ್ ಹುಟ್ಟಿಸಿದಂತಾಗುತ್ತೆ, ಮೇಲೆ ಬರೆದದ್ದನ್ನು ನೋಡಿ.

ರಾತ್ರಿಪಾಳಿ_ಸಿಸಿಯು:
ತೆಗೆಯುವಾಗ?

ಸರ್ಜರಿ_ಐಸಿಯು:
ಎಪಿಕಾರ್ಡಿಯಲ್ ಆದರೆ ಬೆಳಗಿನ ಹೊತ್ತು, ಸರ್ಜನ್ ಇರುವಾಗ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ) ನೋಡಿ, ಹೆಪಾರಿನ್ ನಿಲ್ಲಿಸಿ. ಸಮವಾಗಿ ನಿಧಾನಕ್ಕೆ ಎಳೆಯಿರಿ. ಬಿಗಿಯಾಗಿದ್ದರೆ ಜಗ್ಗಬೇಡಿ, ಸರ್ಜನ್ ಚರ್ಮದ ಮಟ್ಟಕ್ಕೆ ಕತ್ತರಿಸಿ ಬಿಡುತ್ತಾರೆ. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ಬಿಪಿ, ನಾಡಿ. ಟ್ಯಾಂಪೊನೇಡ್ (ಹೃದಯದ ಸುತ್ತ ರಕ್ತ ತುಂಬಿ ಒತ್ತುವುದು) ತಡವಾಗಿಯೂ ಬರುತ್ತೆ, ಅದೇ ದಿನ ಮನೆಗೆ ಕಳಿಸಬೇಡಿ.

ಲಯ_ವೈದ್ಯೆ:
ಸಿರೆಯ ಲೀಡಿನದು: ಪೆಟ್ಟಿಗೆಯನ್ನು ಒಮ್ಮೆಲೇ ಆಫ್ ಮಾಡಿ ಸ್ವಂತ ಬಡಿತ ಇದೆಯೇ ಅಂತ ನೋಡಬೇಡಿ. ವೇಗವಾಗಿ ಪೇಸ್ ಆಗುತ್ತಿದ್ದಾಗ ಎಸ್ಕೇಪ್ ಬಡಿತ ಅಡಗಿರುತ್ತೆ, ಏಳಲು ಹೊತ್ತು ಹಿಡಿಯುತ್ತೆ. ದರವನ್ನು 10-10ರಂತೆ 40 ಅಥವಾ 30ಕ್ಕೆ ಇಳಿಸಿ ನೋಡಿ. ಇನ್ಫಾರ್ಕ್ಷನ್ ನಂತರದ ಬ್ಲಾಕಿನಲ್ಲಿ ಕಾಯಂ ಪೇಸ್‌ಮೇಕರ್ ನಿರ್ಧಾರಕ್ಕೆ ಕನಿಷ್ಠ 5 ದಿನ ಕಾಯಿರಿ ಅಂತ 2021ರ ಯುರೋಪಿಯನ್ ಮಾರ್ಗಸೂಚಿ ಹೇಳುತ್ತೆ. ಅಷ್ಟು ದಿನ ಬಲೂನ್ ಲೀಡ್ ನೆಟ್ಟಗಿರೋದು ಕಷ್ಟ, ಜಾರುತ್ತೆ, ಸೋಂಕು ಬೇರೆ. ವಾರಗಟ್ಟಲೆ ಬೇಕಾದರೆ, ಉದಾಹರಣೆಗೆ ಸೋಂಕಾದ ಪೇಸ್‌ಮೇಕರ್ ತೆಗೆದು ಆಂಟಿಬಯೋಟಿಕ್ ನಡೆಯುತ್ತಿರುವಾಗ, ತಿರುಪು ತುದಿಯ ಕಾಯಂ ಲೀಡನ್ನೇ ಜುಗುಲಾರಿನಿಂದ ಹಾಕಿ, ಜನರೇಟರನ್ನು ಚರ್ಮದ ಹೊರಗೆ ಅಂಟಿಸಿಡುತ್ತಾರೆ. ರೋಗಿ ಎದ್ದು ಓಡಾಡಬಹುದು.

ಐಸಿಯು_ಪಿಜಿ:
ಆ ರೋಗಿಯನ್ನು ಎಂಆರ್‌ಐಗೆ ಕಳಿಸಬಹುದಾ?

ಕ್ಯಾಥ್_ತಂತ್ರಜ್ಞ:
ಬಲೂನ್ ಲೀಡ್ ಮತ್ತು ಹೊರ ಪೆಟ್ಟಿಗೆ ಇದ್ದರೆ ಇಲ್ಲವೇ ಇಲ್ಲ. ಹೊರಗಿಟ್ಟ ಕಾಯಂ ಜನರೇಟರ್‌ ಕೂಡ ಆ ರೀತಿ ಬಳಸಿದಾಗ ಎಂಆರ್‌ಐಗೆ ಒಪ್ಪಿಗೆ ಪಡೆದದ್ದಲ್ಲ. ಸಿಟಿ ಮಾಡಿಸಿ. ಸಾಗಿಸುವಾಗ ಪೆಟ್ಟಿಗೆ ರೋಗಿಯ ಎದೆಯ ಪಕ್ಕ ಕಟ್ಟಿರಲಿ, ಸ್ಟ್ಯಾಂಡಿಗೆ ನೇತುಹಾಕಬೇಡಿ. ಟ್ರಾಲಿ ಒಂದು ಕಡೆ, ಸ್ಟ್ಯಾಂಡ್ ಒಂದು ಕಡೆ ಹೋದರೆ ಲೀಡ್ ಕೈಗೆ ಬರುತ್ತೆ.